ಬರೆದು ಕೊಡಿ ಎನ್ನುತ್ತಿದ್ದ ಪ್ರಮೋಟರಕ್ಕ

ಕೊರಗರ ಹುಡುಗಿ ಡಿಗ್ರಿ ಮಾಡುವುದು ಈ ಜನ್ಮದಲ್ಲಿಲ್ಲ ಎಂದವರು ನಮ್ಮೂರ ರೇಷನ್ ಅಂಗಡಿಯವರು. ಮಾಡಿದ್ದೇನೆ. ಆದರೆ ಕಾಲೇಜು ಸೇರುವುದಕ್ಕೇ ಒಂದು ಜಾತಿ ಸರ್ಟಿಫಿಕೇಟು ಬೇಕಿತ್ತು. ಶಾಲೆಯ ದಾಖಲೆಯಲ್ಲಿ ಮಾಸ್ಟ್ರು ನನ್ನ ಜಾತಿಯ ಜಾಗದಲ್ಲಿ ‘ಬುಟ್ಟಿ ಹೆಣೆಯುವವರು’ ಎಂದು ಬರೆದಿಟ್ಟಿದ್ದರು. ಅಂಥ ಜಾತಿ ಪಟ್ಟಿಯಲ್ಲೇ ಇಲ್ಲವೆಂದು ತಾಲೂಕು ಕಚೇರಿಯವರು ನಮ್ಮನ್ನು ನಾಲ್ಕು ಸಲ ಅಟ್ಟಿದರು.

ನಮ್ಮವರ ಕಾಗದಪತ್ರದ ಕೆಲಸಕ್ಕೆ ಓಡಾಡಲೆಂದು ಬುಡಕಟ್ಟು ಇಲಾಖೆ ನೇಮಿಸಿದ್ದ ಪ್ರಮೋಟರಕ್ಕ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು. ಅವರೊಡನೆ ಹೋಗುವುದೇ ಒಂದು ತಲೆನೋವು. ತಹಶೀಲ್ದಾರ ಸಾಹೇಬರ ಎದುರಿನ ಕುರ್ಚಿಯನ್ನು ತಾವೇ ಎಳೆದು ಅಮ್ಮನನ್ನು ಕೂರಿಸುವರು. ಸಾಹೇಬರು ಕೆಮ್ಮಿದರೆ ಸಾಕು, ಅಮ್ಮ ಎದ್ದು ನಿಲ್ಲುವಳು. ಇವರು ಭುಜ ಒತ್ತಿ ಮತ್ತೆ ಕೂರಿಸುವರು. ಆಮೇಲೆ ಅದೇ ಮಾತು: “ಆಗುದಿಲ್ಲ ಅಂತ ಬರೆದು ಕೊಡಿ.”

ಕಾಲೇಜು ಸೇರುವ ಕೊನೆಯ ದಿನ ನಾನು ರೇಗಿಯೇಬಿಟ್ಟೆ.

“ಅಕ್ಕಾ, ಒಮ್ಮೆ ಕೈ ಮುಗಿದು ಕೇಳುವ. ಇವತ್ತು ಸಿಗದಿದ್ರೆ ನನ್ನ ಸೀಟು ಹೋಯ್ತು.”

“ಎಂತ ಮಾರಾಯ್ತಿ, ನಿನ್ನದನ್ನೇ ನೀನು ಬೇಡುದಾ?”

ಸಾಹೇಬರು ನಕ್ಕರು. “ಬುಟ್ಟಿ ಹೆಣೆಯುವವರೆಲ್ಲ ಕೊರಗರಾ?”

“ಅದನ್ನೂ ಬರೆದು ಕೊಡಿ ಸಾರ್,” ಎಂದು ಅಕ್ಕ ತಮ್ಮ ಪೆನ್ನನ್ನೇ ಮುಂದಿಟ್ಟರು.

ಬರೆದ ಕಾಗದ ನಾಳೆಯೇ ಕಲೆಕ್ಟರರ ಮೇಜಿಗೆ ಹೋಗುತ್ತದೆಂದು ಸಾಹೇಬರಿಗೂ ಗೊತ್ತಿತ್ತು. ಮಧ್ಯಾಹ್ನ ಊಟಕ್ಕೆ ಏಳುವ ಮೊದಲು ಸರ್ಟಿಫಿಕೇಟಿಗೆ ಸೀಲು ಬಿತ್ತು. ಅಕ್ಕ ಅದನ್ನು ಅಮ್ಮನ ಕೈಗೆ ಕೊಡಿಸಿದರು. ಓದಲು ಬಾರದ ಅಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ನಮ್ಮನ್ನು ಅಂಗಳದ ಹೊರಗೆ ನಿಲ್ಲಿಸುವಾಗ ಯಾರೂ ಇದನ್ನು ಕೇಳ್ಲಿಲ್ಲ ಅಲ್ವಾ ಮಗಾ?”