ತಟ್ಟೆಯ ತಳದ ಹೆಸರು

ರಾಯದುರ್ಗದ ಪಾತ್ರೆ ಅಂಗಡಿಯಲ್ಲಿ ಆ ಪುಟ್ಟ ಸ್ಟೀಲ್ ತಟ್ಟೆಗೆ ಹೆಸರು ಕೊರೆಸುವಾಗ ನಾನು ಅಂಚು ಬೇಡವೆಂದು ನಟ್ಟನಡುವೆ ಬೆರಳಿಟ್ಟು ತೋರಿಸಿದೆ. ಊರಿನ ಮದುವೆಯ ಬಿಂದಿಗೆಗಳಿಗೆಲ್ಲ ಹೆಸರು ಬರೆದ ಅಂಗಡಿಯವನು ಯಂತ್ರದ ಮೊನೆಯನ್ನು ಗಾಳಿಯಲ್ಲೇ ನಿಲ್ಲಿಸಿ ನಕ್ಕ.

"ಅಲ್ರೀ ಅಕ್ಕಾರ, ನಡುವ ಹಾಕಿದ್ರ ಅನ್ನದ ಬುಡಕ ಮುಚ್ಚಿ ಹೋಗ್ತೈತ್ರಿ ಹೆಸರು. ಯಾರು ಓದಬೇಕು?"

"ಊಟ ಮುಗಿದ ಮ್ಯಾಲ ನಾನು ಓದ್ತೀನ್ರಿ" ಎಂದೆ. ನನ್ನ ತಲೆ ಸ್ವಲ್ಪ ಸಡಿಲವೆಂದುಕೊಂಡನೋ ಏನೋ, ಚುಕ್ಕಿ ಚುಕ್ಕಿಯಾಗಿ 'ಹರಿಣಿ' ಎಂದು ಕೊರೆದುಕೊಟ್ಟ.

ಹರಿಣಿ ನನ್ನ ಮಗಳು. ಅವಳ ಮೈಗೆ ಶೇಂಗಾ ಆಗುವುದಿಲ್ಲ. 'ಆಗುವುದಿಲ್ಲ' ಎನ್ನುವುದು ಬದನೆಕಾಯಿ ತಿಂದರೆ ತುರಿಕೆ ಬರುವವರು ಆಡುವ ಸೌಮ್ಯವಾದ ಮಾತು. ಇವಳಿಗೆ ಒಂದು ಕಾಳಿನ ಪುಡಿ ನಾಲಿಗೆಗೆ ತಾಗಿದರೂ ತುಟಿ ಊದಿ, ಮೈತುಂಬ ದದ್ದೆದ್ದು, ಗಂಟಲು ಒಳಗಿನಿಂದಲೇ ಬಾಗಿಲು ಹಾಕಿಕೊಳ್ಳುತ್ತದೆ. ಬಳ್ಳಾರಿಯ ವೈದ್ಯರು ಒಂದು ಚುಚ್ಚುಮದ್ದನ್ನು ಕೈಗಿತ್ತು, ತೊಡೆಗೆ ಹೇಗೆ ಚುಚ್ಚಬೇಕೆಂದು ಕಲಿಸಿ, "ಹೆದರಬೇಡಿ ಅಂತ ಹೇಳೋದಿಲ್ಲ. ಹೆದರಿಕೊಂಡೇ ಚುಚ್ಚಿ, ಆಮೇಲೆ ಆಸ್ಪತ್ರೆಗೆ ಓಡಿ" ಎಂದಿದ್ದರು. ಅಂದಿನಿಂದ ನನ್ನ ಚೀಲದಲ್ಲಿ ಆ ಮದ್ದೂ ಈ ತಟ್ಟೆಯೂ ಒಟ್ಟಿಗೇ ಓಡಾಡುತ್ತವೆ.

ಬೇರೆ ಯಾವ ಸೀಮೆಯಲ್ಲಾದರೂ ಹುಟ್ಟಿದ್ದರೆ ಇದು ಇಷ್ಟು ದೊಡ್ಡ ಸಂಗತಿಯಾಗುತ್ತಿರಲಿಲ್ಲವೇನೋ. ನಮ್ಮ ಕಡೆಯ ಊಟದ ತಟ್ಟೆಯನ್ನು ನೀವು ಒಮ್ಮೆ ನನ್ನ ಕಣ್ಣಿನಿಂದ ನೋಡಬೇಕು. ರಾಯದುರ್ಗದ ನನ್ನ ಅತ್ತೆಯ ಮನೆಯಲ್ಲಿ ಮೊದಲು ಬೀಳುವುದು ಜೋಳದ ರೊಟ್ಟಿ. ಪಕ್ಕದಲ್ಲಿ ಶೇಂಗಾ ಹಿಂಡಿ, ಅಂದರೆ ಕೆಂಪು ಚಟ್ನಿಪುಡಿ, ಅದರ ನೆತ್ತಿಯಲ್ಲಿ ಬೆರಳಿನಿಂದ ಒಂದು ಗುಣಿ, ಗುಣಿ ತುಂಬ ಎಣ್ಣೆ. ಆಮೇಲೆ ಶೇಂಗಾಪುಡಿ ತುಂಬಿದ ಎಣ್ಣೆಗಾಯಿ, ಪುಂಡಿಪಲ್ಯ, ಹಸಿ ಈರುಳ್ಳಿ, ಮೊಸರು. ಮಧ್ಯಾಹ್ನದ ಬಸ್ಸು ಹಿಡಿದು ಮಡಕಶಿರ ದಾಟಿ ಅಮರಾಪುರದ ಕಡೆಯ ನನ್ನ ತವರಿಗೆ ಹೋಗುವಷ್ಟರಲ್ಲಿ ತಟ್ಟೆಯ ಭೂಗೋಳವೇ ಬದಲಾಗಿರುತ್ತದೆ: ರೊಟ್ಟಿಯ ಬಯಲು ಮಾಯವಾಗಿ ನಡುವೆ ರಾಗಿಮುದ್ದೆಯ ಗುಡ್ಡ ಎದ್ದಿರುತ್ತದೆ, ಅದರ ಸುತ್ತ ಸೊಪ್ಪಿನ ಸಾರು ಕೋಟೆಯ ಕಂದಕದಂತೆ ನಿಂತಿರುತ್ತದೆ. ಅಲ್ಲಿ ಹರಿದು ತಿನ್ನಬೇಕು, ಇಲ್ಲಿ ನುಂಗಬೇಕು. ಅಲ್ಲಿ ಖಾರ ನಾಲಿಗೆಯ ತುದಿಯಲ್ಲಿ, ಇಲ್ಲಿ ಗಂಟಲಿನಲ್ಲಿ. ಆದರೆ ಆ ಸಾರನ್ನು ಮಂದಗೊಳಿಸುವುದು ಹುರಿದು ಅರೆದ ಕಡ್ಲೆಕಾಯಿ ಬೀಜ. ಅಲ್ಲಿ ಶೇಂಗಾ ಎಂದು ಕರೆಸಿಕೊಂಡದ್ದೇ ಇಲ್ಲಿ ಈ ಹೆಸರಿನಿಂದ ಕಾದು ಕುಳಿತಿದೆ. ಎಲ್ಲದರಲ್ಲೂ ಬೇರೆ ಬೇರೆಯಾದ ಎರಡು ತಟ್ಟೆಗಳನ್ನು ನಂಟರನ್ನಾಗಿ ಮಾಡಿದ ಕಾಳು ಯಾವುದೋ, ನನ್ನ ಮಗಳ ಉಸಿರು ನಿಲ್ಲಿಸುವ ಕಾಳೂ ಅದೇ.

ಇದನ್ನು ಯಾರೂ ನಂಬುವುದಿಲ್ಲ. ಅತ್ತೆ ನಂಬಲು ಬಹಳ ಕಾಲ ಹಿಡಿಯಿತು.

"ಶೇಂಗಾ ತಿಂದು ಯಾರರ ಸತ್ತಿದ್ದು ಕೇಳೀಯೇನವಾ? ಇಲ್ಲದಿದ್ದಕ್ಕ ಸತ್ತಾರ, ಅದನ್ನ ಕೇಳೀನಿ" ಎಂದು ವಾದಿಸಿದರು. ಆಮೇಲೆ ಒಂದು ಸಂಜೆ ಮೊಮ್ಮಗಳ ಕೆನ್ನೆಯ ಮೇಲೆ ದದ್ದು ಏಳುವುದನ್ನು ಕಣ್ಣಾರೆ ಕಂಡ ಮೇಲೆ ಅವಳ ಪಾಲಿನ ಎಣ್ಣೆಗಾಯಿಗೆ ಎಳ್ಳು ತುಂಬಿದರು. ತುಂಬುವಾಗ ಗೊಣಗಿದ್ದು ಮಾತ್ರ ನಿಜ: "ಶೇಂಗಾ ಇಲ್ಲದ ಎಣ್ಣಿಗಾಯಿ ಅಂದ್ರ ಮದುಮಗ ಇಲ್ಲದ ಮದುವಿ."

ತವರಿನಲ್ಲಿ ತೊಡಕಾದದ್ದು ತಟ್ಟೆಯೇ. ನಾನು ಚೀಲದಿಂದ ಅದನ್ನು ತೆಗೆದು ಮಗಳ ಮುಂದಿಟ್ಟಾಗ ನನ್ನ ಅವ್ವನ ಮುಖ ಚಿಕ್ಕದಾಯಿತು. ನಮ್ಮ ಹಳ್ಳಿಗಳಲ್ಲಿ ಬೇರೆ ತಟ್ಟೆ ಎಂದರೆ ಏನರ್ಥವೆಂದು ನಿಮಗೆ ಗೊತ್ತು. ಬೇರೆ ತಟ್ಟೆ ಇಟ್ಟು ಮನುಷ್ಯರನ್ನು ಹೊರಗೆ ಕೂರಿಸಿದ ಊರುಗಳು ಇವು. ಅಷ್ಟು ಹಳೆಯ ಪಾಪದ ನೆರಳು ಒಂದು ಮಗುವಿನ ತಟ್ಟೆಯ ಮೇಲೆ ಬಿದ್ದದ್ದು ನನಗೂ ಕಂಡಿತು.

"ಏನಮ್ಮಿ, ನಮ್ಮನೆ ತಟ್ಟೆ ನಿನ್ ಮಗೀಗೆ ಮೈಲಿಗೆಯಾ?"

"ಮೈಲಿಗೆ ಅಲ್ಲ ಕಣವ್ವ, ಭಯ."

"ತವರುಮನೆ ಊಟಕ್ಕೆ ಭಯ ಪಡೋಳ್ನ ಇವತ್ತೇ ನೋಡ್ದೆ ಬಿಡು."

ಹೀಗೆ ಅಂದವಳೇ ಮೊಮ್ಮಗಳಿಗಾಗಿ ಕಡ್ಲೆಕಾಯಿ ಹಾಕದ ಸಾರನ್ನು ಬೇರೆ ಕುಡಿಕೆಯಲ್ಲಿ ಕಾಯಿಸಿದ್ದಳು, ಒಗ್ಗರಣೆಯ ಎಣ್ಣೆಯನ್ನೂ ಅಂಗಡಿಯಿಂದ ಬೇರೆ ತರಿಸಿದ್ದಳು. ಅವ್ವನ ಬಾಯಿಗಿಂತ ಅವಳ ಒಲೆ ಯಾವಾಗಲೂ ಮೃದು.

ಮುಂದಿನದನ್ನು ಬರೆಯಲು ನನಗೆ ಹಿಂಜರಿಕೆ. ನೆನಪು ತುಂಬ ಅಚ್ಚುಕಟ್ಟಾಗಿ ಬಡಿಸುತ್ತದೆ, ಉಪ್ಪು ಎಡತುದಿಗೆ, ಪಲ್ಯ ಬಲಕ್ಕೆ, ಸಿಹಿ ಕೊನೆಗೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಅವ್ವನ ತಟ್ಟೆಯಲ್ಲಿ ಕೆಂಪು ಚಟ್ನಿ ಇತ್ತೆಂದು ನಾನು ಪ್ರಮಾಣ ಮಾಡಬಲ್ಲೆ; ನನ್ನ ತಮ್ಮ ಚಟ್ನಿಯೇ ಇರಲಿಲ್ಲ, ಬರೀ ಸಾರು ಎನ್ನುತ್ತಾನೆ. ಹೊರಗೆ ಕುರಿಗಳು ಕೂಗುತ್ತಿದ್ದವೆಂದು ಬರೆದು ಹೊಡೆದುಹಾಕಿದ್ದೇನೆ. ಆ ಸದ್ದನ್ನು ಆಮೇಲೆ ನಾನೇ ಸೇರಿಸಿರಬೇಕು. ಎಲ್ಲರೂ ಒಪ್ಪುವುದು ಇಷ್ಟು: ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ. ಹರಿಣಿ ಎಂದಿನಂತೆ ಮುದ್ದೆಯ ಕೊನೆಯ ತುಣುಕನ್ನು ಬಿಟ್ಟು ಎದ್ದಳು. ನಮ್ಮ ಮನೆಯಲ್ಲಿ ಕಡೆಯ ತುತ್ತಿನಲ್ಲೇ ಇಡೀ ಊಟದ ಬಲವಿರುತ್ತದೆಂಬ ನಂಬಿಕೆ. ಅದನ್ನು ಬಿಟ್ಟ ಮಗುವನ್ನು ಹಿರಿಯರು ಹಿಡಿದು ಕೂರಿಸಿ ತಮ್ಮ ಕೈಯಾರೆ ಬಾಯಿಗಿಡಬೇಕು. ನಾನೂ ನನ್ನ ತಮ್ಮನೂ ಅಂಥ ಎಷ್ಟು ತುತ್ತುಗಳಿಂದ ದೊಡ್ಡವರಾದೆವೋ. ಅವ್ವ ಮೊಮ್ಮಗಳನ್ನು ಹಿಡಿದಳು, ಅವಳದೇ ತಟ್ಟೆಯಿಂದ, ಅವಳದೇ ಮುದ್ದೆಯನ್ನು, ಅವಳದೇ ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಬೇರೆಯ ಕುಡಿಕೆ, ಬೇರೆಯ ಎಣ್ಣೆ, ಬೇರೆಯ ತಟ್ಟೆ, ಎಲ್ಲವನ್ನೂ ನೆನಪಿಟ್ಟವಳು ತನ್ನ ಕೈಯನ್ನು ಮರೆತಿದ್ದಳು. ಅದು ಆಗಷ್ಟೇ ತನ್ನ ಕಡ್ಲೆಕಾಯಿಯ ಊಟವನ್ನು ಉಂಡ ಕೈ.

ನಾನು ಬಂದಾಗ ಹರಿಣಿ ತುಟಿ ಉಜ್ಜಿಕೊಳ್ಳುತ್ತಿದ್ದಳು. "ಅವ್ವಾ, ಬಾಯಿ ಚುಮುಚುಮು ಅಂತೈತಿ" ಎಂದಳು ನನಗೆ, ತೀರ ಸಾಮಾನ್ಯವಾದ ದನಿಯಲ್ಲಿ. ಆ ದನಿ ಕೀರಲಾಯಿತು, ಆಮೇಲೆ ದನಿಯೇ ಇಲ್ಲದೆ ಸಿಳ್ಳೆಯಂಥ ಗಾಳಿ ಮಾತ್ರ ಬಂತು. ಚೀಲ ಕೈಯಲ್ಲೇ ಇದ್ದರೂ ಚೀಲಕ್ಕಾಗಿ ಹುಡುಕಿದೆ. ಚುಚ್ಚಿದೆ. ತಮ್ಮನ ಬೈಕಿನಲ್ಲಿ ನಮ್ಮಿಬ್ಬರ ನಡುವೆ ಅವಳನ್ನು ಒತ್ತಿಕೊಂಡು ಮಡಕಶಿರದ ಆಸ್ಪತ್ರೆಗೆ ಹೋಗುವಾಗ ದಾರಿಯ ಎರಡೂ ಬದಿಗೆ ಇದ್ದದ್ದು ಕಡ್ಲೆಕಾಯಿಯ ಹೊಲಗಳೇ. ಹಳದಿ ಹೂ ಬಿಟ್ಟು, ಗಾಳಿಗೆ ತಲೆಯಾಡಿಸುತ್ತ, ಎಷ್ಟು ಸಾಧುವಾಗಿ ನಿಂತಿದ್ದವು! ನಾನು ಅವಳ ಬೆನ್ನಿಗೆ ಎದೆಯೊತ್ತಿ ಅವಳ ಉಸಿರನ್ನು ಹುಡುಕುತ್ತಿದ್ದೆ. ಬೈಕಿನ ನಡುಕವೋ ಅವಳದೋ ತಿಳಿಯುತ್ತಿರಲಿಲ್ಲ.

ಮಗು ಉಳಿಯಿತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಹೆದರಿಕೆಯಲ್ಲಿ ಕಾಯಿಸಿ ಸುಖಪಡುವುದು ನನಗೆ ಬೇಡ. ಆದರೆ ಉಳಿದದ್ದು ಮಗು ಮಾತ್ರವಲ್ಲ, ಹೆದರಿಕೆಯೂ ಉಳಿಯಿತು, ಮನೆಮನೆಗೆ ಹಂಚಿಹೋಯಿತು. ಪ್ರೀತಿಯನ್ನು ಕೈಯಿಂದಲೇ ಉಣಿಸುವ ಸೀಮೆಯಲ್ಲಿ ಪ್ರೀತಿಸಿದ ಕೈಯೇ ವಿಷವಾಗಬಹುದೆಂದು ಒಮ್ಮೆ ತಿಳಿದ ಮೇಲೆ ಯಾರ ಕೈಯನ್ನು ನೋಡಲಿ? ಮದುವೆಯ ಪಂಕ್ತಿಯಲ್ಲಿ ಬಡಿಸುವವರ ಬೆರಳುಗಳನ್ನೇ ನೋಡುತ್ತೇನೆ. ಒಂದೇ ಸೌಟು ಎರಡು ಪಾತ್ರೆಗೆ ಇಳಿದರೆ ಮಗಳ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ತಟ್ಟೆ ತಟ್ಟೆಗೂ ಇರುವ ವೈವಿಧ್ಯವನ್ನು ಸವಿಯುವ ಭಾಗ್ಯ ನನ್ನದಲ್ಲ. ಹೊಸ ಊರಿನ ಹೊಸ ಪದಾರ್ಥವೆಂದರೆ ಆ ಕಾಳು ಅಡಗಿರಬಹುದಾದ ಹೊಸ ಜಾಗ, ಅಷ್ಟೇ.

ಅವ್ವನದು ಇನ್ನೊಂದು ಬಗೆ. ಮುಂದಿನ ಸಲ ಹೋದಾಗ ಅವಳು ಅಡುಗೆಮನೆಗೇ ಬರಲಿಲ್ಲ. ತಮ್ಮನ ಹೆಂಡತಿ ಸೌಭಾಗ್ಯ ಮುದ್ದೆ ತೊಳಸಿದಳು, ನಾನು ಬಡಿಸಿದೆ. ಅವ್ವ ಗೋಡೆಗೊರಗಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಮೊಮ್ಮಗಳು ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದಳು.

"ಅತ್ತೆ ಬೆಳಗ್ಗಿಂದ ನೀರೂ ಕುಡ್ದಿಲ್ಲ ಕಣಕ್ಕ" ಎಂದು ಸೌಭಾಗ್ಯ ಪಿಸುಗುಟ್ಟಿದಳು. "ಕೈ ಉಜ್ಜಿ ಉಜ್ಜಿ ಚರ್ಮ ಕಿತ್ತೋಗೈತೆ."

ಹರಿಣಿ ಉಂಡಳು. ಕೊನೆಯ ತುಣುಕನ್ನು ಬಿಟ್ಟಳು. ಎದ್ದು ಹೋಗದೆ ತಟ್ಟೆಯನ್ನು ಅಜ್ಜಿಯ ಮುಂದಕ್ಕೆ ತಳ್ಳಿದಳು.

"ಅಜ್ಜಿ, ಕಡೀ ತುತ್ತು."

"ಬ್ಯಾಡ ಮಗ. ನನ್ ಕೈನಾಗೆ ಬ್ಯಾಡ."

ಹರಿಣಿ ಸೆರಗು ಬಿಡಿಸಿ ಆ ಕೈಯನ್ನು ಹೊರಗೆ ಎಳೆದಳು. ಈಗೀಗ ಎಲ್ಲವನ್ನೂ ಮೂಸುವ ಅಭ್ಯಾಸ ಅವಳಿಗೆ. ಒಂದೊಂದೇ ಬೆರಳನ್ನು ಮೂಗಿಗೆ ಹಿಡಿದಳು. "ಸಾಬಾನು ವಾಸನಿ ಐತಿ. ಕೊಡು."

ಅವ್ವ ನನ್ನತ್ತ ನೋಡಿದಳು. ಆ ನೋಟ ಅಪ್ಪಣೆ ಕೇಳುತ್ತಿತ್ತು. ನನಗೆ ಮುದ್ದೆ ನುಂಗುವುದನ್ನು ಕಲಿಸಿದವಳು ನನ್ನ ಅಪ್ಪಣೆ ಕೇಳುತ್ತಿದ್ದಳು. ನನ್ನ ಕೈ ಚೀಲದೊಳಗೆ ಹೋಗಿ ಮದ್ದನ್ನು ಹಿಡಿದುಕೊಂಡಿತು.

ಅವ್ವ ಮುದ್ದೆಯ ತುಣುಕಿನಿಂದ ತಟ್ಟೆಯನ್ನು ನಿಧಾನವಾಗಿ ಬಳಿದಳು. ಸಾರಿನ ಅಡಿಯಿಂದ ಮೊದಲು 'ಹ' ಎದ್ದಿತು, ಆಮೇಲೆ 'ರಿ'. ಬೆರಳು ಚುಕ್ಕಿಗಳ ಮೇಲೆ ಎರಡೆರಡು ಸಲ ಓಡಾಡಿತು. ತುತ್ತು ಮೇಲೆದ್ದಾಗ ಹೆಸರು ಪೂರ್ತಿಯಾಯಿತು. ತಟ್ಟೆಯ ತಳದಲ್ಲಿ ಹೆಸರು ಕಂಡರೆ ಊಟ ಮುಗಿಯಿತು, ಗಂಡಾಂತರ ಕಳೆಯಿತು, ಇನ್ನು ಉಸಿರಾಡಬಹುದು ಎಂದಲ್ಲವೇ ನಾನು ಅಂಗಡಿಯವನೊಡನೆ ಹಟಮಾಡಿ ನಡುವೆ ಬರೆಸಿದ್ದು? ಈಗ ಅದು ಹೊಳೆಯುತ್ತ ನನ್ನೆದುರಿಗಿತ್ತು, ನಾನು ಓದಲಿಲ್ಲ. ತುತ್ತು ನುಂಗುತ್ತಿದ್ದ ಹರಿಣಿಯ ತುಟಿಗಳನ್ನೇ ನೋಡುತ್ತಿದ್ದೆ. ಅವ್ವನೂ ಅಲ್ಲಿಯೇ ನೋಡುತ್ತಿದ್ದಳು, ತುತ್ತು ಕೊಟ್ಟ ಕೈಯನ್ನು ಇಳಿಸುವುದನ್ನೂ ಮರೆತು.

"ಯಾಕ ಇಬ್ಬರೂ ಹಂಗ ನೋಡ್ತೀರಿ?" ಎಂದಳು ಹರಿಣಿ. "ನೀರು ಕೊಡ್ರಿ."

ದನಿ ಕೀರಲಾಗಿತ್ತೇ ಎಂದು ನಾನು ಅದನ್ನು ಮತ್ತೆ ಮತ್ತೆ ಕಿವಿಯಲ್ಲಿ ತಿರುವಿ ನೋಡಿದೆ.