ಕೆರೆಯ ಚಿಪ್ಪಿಗೆ ನಾನು ಕೊಟ್ಟ ಕಾವು

ನನ್ನ ತವರು ಕುಣಿಗಲ್ ಕಡೆ, ಕೊಟ್ಟದ್ದು ಗುಬ್ಬಿಗೆ. ಎರಡೂ ಮನೆಯ ಕಸುಬು ಒಂದೇ: ಕೆರೆಯ ಚಿಪ್ಪು ಆರಿಸಿ ತಂದು, ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದು. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿ ನನ್ನನ್ನು ಗೂಡಿನ ಮುಂದೆ ಕೂರಿಸಿದರು. ಸುಣ್ಣ ತಿಂದ ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ. ಆಮೇಲೆ ಪ್ಯಾಕೆಟ್ ಸುಣ್ಣ ಬಂತು, ಗೂಡು ಬಿತ್ತು. ಅದಕ್ಕೆ ನಾನೇನೂ ಅಳಲಿಲ್ಲ.

ಮಗಳ ಮಗಳು ತುಮಕೂರಿನಲ್ಲಿ ಎಂಎಸ್ಸಿ ಓದುತ್ತಾಳೆ. ಪ್ರಾಜೆಕ್ಟು ಮಾಡಿಕೊಟ್ಟರೆ ಓದು ಮುಗಿದಂತೆ. ಹೋದ ಬೇಸಿಗೆಯಲ್ಲಿ ಒಣಗಿದ ಕೆರೆಯಲ್ಲಿ ಆಳುದ್ದ ಗುಂಡಿ ತೋಡಿಸಿ, ಪದರ ಪದರದ ಚಿಪ್ಪನ್ನೂ ಬೇರೆ ಬೇರೆ ಕವರಿಗೆ ಹಾಕಿ ತಂದು ನಮ್ಮ ನಡುಮನೆಯಲ್ಲಿಟ್ಟಳು.

"ಏನೇ ಇದು, ಮತ್ತೆ ಗೂಡು ಹಚ್ತೀಯಾ?" ಅಂದೆ.

"ಇಲ್ಲ ಕಣಜ್ಜಿ. ಚಿಪ್ಪಲ್ಲಿ ಭಾರದ್ದು, ಹಗುರದ್ದು ಅಂತ ಬೇರೆ ಬೇರೆ ಆಕ್ಸಿಜನ್ ಇರುತ್ತೆ. ಯಾವ್ದು ಎಷ್ಟಿದೆ ಅಂತ ಮಿಷಿನ್ನಲ್ಲಿ ಅಳೆದ್ರೆ, ಅದರೊಳಗಿನ ಹುಳ ಬದುಕಿದ್ದಾಗ ಕೆರೆ ನೀರು ಎಷ್ಟು ಬೆಚ್ಚಗಿತ್ತು ಅಂತ ಅಂದಾಜು ಸಿಗುತ್ತೆ."

"ಸತ್ತಿರೋ ಹುಳನ ಯಾಕೆ ಕೇಳ್ತೀಯೇ? ನನ್ನ ಕೇಳು, ಇನ್ನೂ ಬದುಕಿದೀನಿ."

"ಈ ಕೆರೆ ಕಟ್ಟಿಸ್ದಾಗ ನೀನಿದ್ಯಾ? ಸುಮ್ನಿರಜ್ಜಿ. ಮುಂದಿನ ವಾರ ಬಂದು ಒಯ್ತೀನಿ, ಅಲ್ಲೀವರೆಗೆ ಇದನ್ನ ತೊಳೀಬೇಡ, ಆಯ್ತಾ?" ಎಂದು ಬಸ್ಸು ಹತ್ತಿದಳು.

ನಾನು ತೊಳೆಯಲಿಲ್ಲ. ಎರಡು ದಿನಕ್ಕೆ ಕವರುಗಳು ಬೆವರಿ, ಕೆಸರು ನಾರತೊಡಗಿತು. ಹಸಿ ಚಿಪ್ಪನ್ನು ನಮ್ಮಲ್ಲಿ ಯಾರೂ ಹಾಗೇ ಇಡುತ್ತಿರಲಿಲ್ಲ. ಗೂಡಿನಲ್ಲಿ ಸಿಡಿಯದಿರಲೆಂದು ಮೊದಲು ಹಂಚಿನ ಮೇಲೆ ಹಾಕಿ ಕಾವು ಕೊಡುತ್ತಿದ್ದೆವು. ಹಾಗೇ ಮಾಡಿದೆ. ಒಂದು ಕವರಿನದು ಇನ್ನೊಂದಕ್ಕೆ ಸೇರದಂತೆ ಎಲ್ಲವನ್ನೂ ಹುರಿದು, ತಣಿಸಿ, ಮತ್ತೆ ಕಟ್ಟಿಟ್ಟೆ. ಭೇಷ್ ಅನ್ನುತ್ತಾಳೆ ಅಂದುಕೊಂಡಿದ್ದೆ.

ಅವಳು ಬಂದು ಕವರು ಬಿಚ್ಚಿದಳು. ಚಿಪ್ಪು ಬೂದಿ ಬಣ್ಣಕ್ಕೆ ತಿರುಗಿತ್ತು.

"ಅಜ್ಜಿ, ಒಲೆ ಮೇಲಿಟ್ಯಾ?"

"ಹೂಂ. ತೊಳೀಲಿಲ್ಲ."

"ಎಲ್ಲಾನೂವಾ?"

"ಎಲ್ಲಾನೂ."

ಅಲ್ಲೇ ನೆಲದ ಮೇಲೆ ಕುಳಿತಳು. "ಹಿಂಗೆ ಕಾಯಿಸಿದ್ರೆ ಒಳಗಿನ ಲೆಕ್ಕ ಕೆಟ್ಟೋಗುತ್ತಜ್ಜಿ. ಈಗ ಇದು ಕೆರೆ ಬಿಸಿ ಹೇಳುತ್ತೋ ನಿನ್ನ ಒಲೆ ಬಿಸಿ ಹೇಳುತ್ತೋ, ನಂಬೋಕಾಗಲ್ಲ."

ಬೈಯಲಿಲ್ಲ. ಬೈದಿದ್ದರೆ ತಿರುಗಿ ನಾಲ್ಕು ಮಾತು ಅನ್ನಬಹುದಿತ್ತು. ಮತ್ತೆ ತೋಡೋಣವೆಂದರೆ ಅಷ್ಟರಲ್ಲಿ ಕೆರೆಗೆ ಹೇಮಾವತಿ ನೀರು ಬಿಟ್ಟಿದ್ದರು. ಜೊತೆಯವರೆಲ್ಲ ಓದು ಮುಗಿಸಿದರು. ಇವಳು ಒಂದು ವರ್ಷ ಹಿಂದೆ ಬಿದ್ದಳು.

ಜನ್ಮದಲ್ಲಿ ನಾನು ಕಲಿತದ್ದು ಇದೊಂದೇ ಕೆಲಸ. ಅದನ್ನೇ ಅಚ್ಚುಕಟ್ಟಾಗಿ ಮಾಡಿ ಅವಳದನ್ನು ಕೆಡಿಸಿದೆ. ಅರ್ಧ ಬೆಂದ ಚಿಪ್ಪು ಸುಣ್ಣಕ್ಕೂ ಆಗುವುದಿಲ್ಲ. ತಿಪ್ಪೆಗೆ ಸುರಿದೆ.

ಈ ಬೇಸಿಗೆಗೆ ಮತ್ತೆ ತೋಡಿಸುತ್ತಾಳಂತೆ. ಚಿಪ್ಪನ್ನು ಸೀದಾ ತುಮಕೂರಿಗೆ ಒಯ್ಯುತ್ತಾಳಂತೆ, ನಮ್ಮ ಮನೆಗೆ ತರುವುದಿಲ್ಲವಂತೆ. ನನಗೆ ಹೇಳಿದ್ದು ಅವಳಲ್ಲ, ಅವಳಮ್ಮ.