ಗುರುಗಳ ಕೆಮ್ಮು ಮುದ್ದೇಬಿಹಾಳ ಮುಟ್ಟಿದ್ದು

ಇಂಡಿಯಲ್ಲಿ ಬೆಳಗಿನ ಸಿಂದಗಿ ಬಸ್ಸು ಹತ್ತಿದೊಡನೆ ಕಂಡಕ್ಟರು, "ಏ ಮಿಮಿಕ್ರಿ, ನಮ್ಮ ಡಿಪೋ ಸಾಹೇಬ್ರ ದನಿ ತಗಿ ನೋಡೂಣು" ಎಂದ. ತೆಗೆದೆ. ಹಿಂದಿನ ಸೀಟಿನವರೆಗೂ ನಕ್ಕರು. ಟಿಕೆಟ್ ಮಾತ್ರ ಪೂರ್ತಿ ದರದ್ದೇ ಹರಿದ. ಮದುವೆ, ಶಾಲೆಯ ಗ್ಯಾದರಿಂಗು ಎಲ್ಲೇ ಆಗಲಿ, ನನ್ನನ್ನು ಕರೆಯುವುದು ಬೇರೆಯವರ ದನಿ ತೆಗೆಯಲು. ಅಂದು ಮಾತ್ರ ಹಾಡು ಕಲಿಸಲು ಹೊರಟಿದ್ದೆ. ಮುದ್ದೇಬಿಹಾಳದ ಶಾಂತಕ್ಕ ಎಂಬ ಗೃಹಿಣಿ ಗೆಳತಿಯರನ್ನು ಕೂಡಿಸಿ ಸಂಗೀತದ ಕ್ಲಾಸು ಶುರುಮಾಡಿದ್ದರು. ಮೊದಲ ಪಾಠ ಹಿಡಿಸಿದರೆ ಪ್ರತಿ ವಾರ ಮಾಸ್ತರಿಕೆ. ಇಲ್ಲದಿದ್ದರೆ ಮತ್ತೆ ಮಿಮಿಕ್ರಿ.

ಸಿಂದಗಿಯಲ್ಲಿಳಿದು ಗುರುಗಳ ಕಾಲಿಗೆ ಬಿದ್ದೆ. ಎಂಟು ವರ್ಷ ಅವರೆದುರು ಕೂತು ಹಾಡು ಕಲಿತವನು ನಾನು.

"ನನ್ನಂಗ ಹಾಡ್ತಿ ಖರೆ, ನಿನ್ನಂಗ ಯಾವಾಗ ಹಾಡ್ತೀಯೋ ತಮ್ಮಾ?"

"ನನ್ನಂಗ ಹಾಡಿದ್ರ ನಮ್ಮನಿ ಎಮ್ಮಿನೂ ಹಾಲು ಬಿಡಂಗಿಲ್ರೀ."

ಅವರು ನಗಲಿಲ್ಲ. ದಾರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಟ್ಟರು. ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಅದನ್ನು ತಿಂದೆ. ಬಿಸಿಲಿಗೆ ಬಸ್ಸಿನ ಸರಳು ಮುಟ್ಟುವಂತಿರಲಿಲ್ಲ.

ಮುದ್ದೇಬಿಹಾಳದಲ್ಲಿ ಶಾಂತಕ್ಕನ ಮನೆಯ ಪಡಸಾಲೆಯಲ್ಲಿ ಆರು ಮಂದಿ ಹೆಂಗಸರು ಜಮಖಾನೆ ಮೇಲೆ ಕಾದಿದ್ದರು. ಭೂಪಾಲಿ ರಾಗದ ಆರೋಹಣ ಹಾಡಿ, "ಈಗ ನೀವು" ಎಂದೆ. ಸಾ, ರೇ, ಗ, ಪ, ಧ ಹಾಡಿದರು. ಮೇಲಿನ ಸಾ ಏರುವ ಮುಂಚೆ ಆರೂ ಮಂದಿ ಒಟ್ಟಿಗೆ ಕೆಮ್ಮಿದರು!

"ಕೆಮ್ಮಿದ್ದ್ಯಾಕ್ರೀ?"

"ನೀವ ಕೆಮ್ಮಿದ್ರೆಲ್ರೀ ಸರ" ಎಂದರು ಶಾಂತಕ್ಕ. "ರಾಗದಾಗ ಐತೇನೋ ಅಂದ್ಕೊಂಡ್ವಿ."

ಗುರುಗಳಿಗೆ ದಮ್ಮಿನ ಕಾಯಿಲೆ. ಮೇಲಿನ ಸಾ ಏರುವ ಮುನ್ನ ಸಣ್ಣಗೆ ಕೆಮ್ಮುತ್ತಾರೆ. ಆ ಕಾಯಿಲೆಯನ್ನೂ ವಿದ್ಯೆಯೆಂದು ಶ್ರದ್ಧೆಯಿಂದ ಕಲಿತಿದ್ದೆ! ಅದನ್ನು ಹೇಳಿ ಹೆಂಗಸರೊಂದಿಗೆ ನಾನೂ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ನಗು ನಿಂತಿತು. ಇವರಿಗೆ ಕಲಿಸಲು ನನ್ನದೆಂಬುದು ಏನಿದೆ?

ಎದ್ದು ಹೋಗಬಾರದು ಎಂದು ಗಟ್ಟಿಯಾಗಿ ಕೂತೆ. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಗುರುಗಳು ಸಾ ಹಿಡಿಯುವ ಬಿಳಿ ಪಟ್ಟಿ ಬಿಟ್ಟು, ಮೇಲೆ ಸರಿದು ಕರಿ ಪಟ್ಟಿಯಿಂದ ಸಾ ಹಿಡಿದೆ. ಸಣ್ಣ, ನಡುಗುವ ದನಿಯೊಂದು ಹೊರಟಿತು. ನನಗೇ ಅದರ ಪರಿಚಯವಿರಲಿಲ್ಲ. ಎರಡು ಸಲ ಒಡೆಯಿತು. ಮೂರನೆಯ ಸಲ ಮೇಲಿನ ಸಾ ಮುಟ್ಟಿತು. ಹೆಂಗಸರೂ ಅದೇ ಎತ್ತರಕ್ಕೆ ದನಿಗೂಡಿಸಿದರು.

"ಇದು ನಮ್ಮ ಗಂಟಲಕ್ಕ ಕೂಡತೈತಿ ನೋಡ್ರಿ" ಎಂದರು ಶಾಂತಕ್ಕ. ಬರುವ ವಾರದ ಮಾತು ಯಾರೂ ಎತ್ತಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ.

ಸಂಜೆ ಬಾಗೇವಾಡಿಯ ಬಸ್ಸಿಗೆ ಲಗುಬಗೆಯಿಂದ ಹೊರಟೆ. ಓಣಿಯ ತಿರುವಿನಲ್ಲಿದ್ದಾಗ ಹಿಂದಿನಿಂದ ಶಾಂತಕ್ಕನ ಹಾಡು ಕೇಳಿಸಿತು. ಒಬ್ಬರೇ ಹಾಡುತ್ತಿದ್ದರು. ಪಂಚಮ, ಅಂದರೆ ಪ, ಶ್ರುತಿಗಿಂತ ಇಳಿದಿತ್ತು. ಬಸ್ಸು ಹೋದರೆ ಹೋಗಲಿ ಎಂದು ತಿರುಗಿ ಬಂದು ಬಾಗಿಲು ಬಡಿದೆ.

"ಅಕ್ಕಾರ, ಪಂಚಮ ಇಳದೈತ್ರಿ. ಇನ್ನೊಮ್ಮೆ ಹಾಡ್ರಿ."